ಊರ ನಡುವಣ ಬಯಲು

ಶಾಲೆಯ ಕೊನೆಯ ಗಂಟೆ ಬಾರಿಸಿದ ಮೇಲೆ ದೀಪ ಹಚ್ಚುವ ಹೊತ್ತಿನವರೆಗೆ ಮಗುವಿನ ಪಾಲಿಗೆ ಉಳಿಯುವ ಅವಧಿ ಸುಮಾರು ಎರಡು ಗಂಟೆಗಳು. ಆ ಎರಡು ಗಂಟೆಗಳ ಕಾಲ ಮಗು ಎಲ್ಲಿರುತ್ತದೆ ಎಂಬ ಪ್ರಶ್ನೆ ಮೇಲುನೋಟಕ್ಕೆ ಮನೆಯ ಪ್ರಶ್ನೆ; ತಾಯಿ ಹೊಸ್ತಿಲಲ್ಲಿ ನಿಂತು ಕೂಗಿ ಕೇಳುವ ಪ್ರಶ್ನೆ. ಆದರೆ ಸ್ವಲ್ಪ ನಿಧಾನಿಸಿ ಯೋಚಿಸಿದರೆ ಅದು ಊರಿನ ಪ್ರಶ್ನೆಯೂ ಹೌದೆಂಬುದು ಮನದಟ್ಟಾಗುತ್ತದೆ. ಬಾಗಿಲ ಮುಂದಿನ ಬೀದಿ ಈಗ ವಾಹನಗಳಿಗೆ ಸಲ್ಲುತ್ತದೆ. ಪಕ್ಕದ ಖಾಲಿ ನಿವೇಶನಕ್ಕೆ ಒಡೆಯನಿದ್ದಾನೆ. ಇಂದಲ್ಲ ನಾಳೆ ಅಲ್ಲಿ ಮನೆಯೇಳುತ್ತದೆ. ಮಹಡಿಯ ಮೇಲೆ ಚೆಂಡಾಡಿದರೆ ಕೆಳಗಿನವರಿಗೆ ತೊಂದರೆ. ಹಾಗಾದರೆ ಊರಿನಲ್ಲಿ ಯಾರೊಬ್ಬರಿಗೂ ಸೇರದ, ಆದುದರಿಂದಲೇ ಎಲ್ಲರಿಗೂ ಸೇರಿದ ಒಂದು ತುಂಡು ನೆಲವಾದರೂ ಇರಬೇಡವೆ? ಇದ್ದರೆ ಅದನ್ನು ಕಾಯುವವರು ಯಾರು?

ಈ ಪ್ರಶ್ನೆಯನ್ನು ಬೆಂಗಳೂರಿನ ಲಾಲ್‌ಬಾಗಿನಲ್ಲಿ ನಿಂತು ಕೇಳಿದರೆ ಉತ್ತರ ಸುಲಭ. ೧೭೬೦ರಲ್ಲಿ ಹೈದರಾಲಿ ತೊಡಗಿಸಿದ ಆ ತೋಟವು ಬೆಳೆದು ೨೪೦ ಎಕರೆಗಳಷ್ಟಾಗಿ, ಸರ್ಕಾರದ ತೋಟಗಾರಿಕೆ ಇಲಾಖೆಯ ಆಶ್ರಯದಲ್ಲಿದೆ. ೧೮೭೦ರಲ್ಲಿ ರೂಪುಗೊಂಡ ಕಬ್ಬನ್ ಉದ್ಯಾನಕ್ಕೂ ಅಂಥದೇ ಆಸರೆ. ಈ ಎರಡನ್ನೂ ರಕ್ಷಿಸುವುದಕ್ಕಾಗಿ ೧೯೭೫ರಲ್ಲಿ ಪ್ರತ್ಯೇಕ ಕಾಯಿದೆಯೇ ಆಯಿತು. ಆದರೆ ನಾಡಿನ ಮಕ್ಕಳೆಲ್ಲರೂ ಲಾಲ್‌ಬಾಗಿನ ನೆರೆಯಲ್ಲಿ ಬೆಳೆಯುವುದಿಲ್ಲ. ಅರಸೀಕೆರೆಯಂಥ, ಬೇಲೂರಿನಂಥ, ಹಳೇಬೀಡಿನಂಥ ಊರುಗಳಲ್ಲಿ ಬೆಳೆಯುವ ಮಕ್ಕಳ ಪಾಲಿಗೆ ಈ ಪ್ರಶ್ನೆಗೆ ಉತ್ತರ ಕೊಡಬೇಕಾದುದು ಅಲ್ಲಲ್ಲಿಯ ನಗರಸಭೆ, ಪುರಸಭೆ, ಪಂಚಾಯತಿಗಳು. ಹಾಸನ ಜಿಲ್ಲೆಯ ಈ ಮೂರು ಊರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಒಂದೇ ಹೊಣೆ ಮೂರು ಬಗೆಯ ಹೆಗಲುಗಳ ಮೇಲೆ ಹೇಗೆ ಕುಳಿತಿದೆಯೆಂಬುದು ಸ್ಪಷ್ಟವಾಗುತ್ತದೆ.

* * *

ಮೊದಲು ಹೆಸರುಗಳನ್ನೇ ಗಮನಿಸಬಹುದು. ಅರಸಿಯ ಕೆರೆ ಅರಸೀಕೆರೆಯಾಯಿತು. ಹಳೇಬೀಡಿನ ಹಿಂದಿನ ಹೆಸರು ದೋರಸಮುದ್ರ. ಅದೂ ಒಂದು ಕೆರೆಯ ಹೆಸರೇ. ಬೇಲೂರಿಗೆ ಯಗಚಿ ನದಿಯುಂಟು. ಜೊತೆಗೆ ವಿಷ್ಣುಸಮುದ್ರವೆಂಬ ಕೆರೆಯುಂಟು. ಹೊಯ್ಸಳರ ಕಾಲದಲ್ಲಿ ಊರೆಂದರೆ ಮನೆಗಳ ಸಾಲು ಮಾತ್ರವಾಗಿರಲಿಲ್ಲ. ಕೆರೆ, ಕಲ್ಯಾಣಿ, ತೋಪು, ದೇಗುಲ, ಅದರ ಮುಂದಿನ ಬಯಲು ಇವೆಲ್ಲ ಸೇರಿದರೆ ಊರು. ಹಳೇಬೀಡಿನ ಸಮೀಪದ ಹುಲಿಕೆರೆಯಲ್ಲಿ ಮೆಟ್ಟಿಲುಗಳ ನಡುವೆ ಪುಟ್ಟ ಗುಡಿಗಳನ್ನು ಜೋಡಿಸಿ ಕಟ್ಟಿದ ಕಲ್ಯಾಣಿಯನ್ನು ಕಂಡವರು, ನೀರು ತರುವ ಕೆಲಸವನ್ನೂ ಮನಸ್ಸಿಗೆ ಹಿತವಾಗುವಂತೆ ಮಾಡಿದ ಆ ಕಾಲದ ಔದಾರ್ಯವನ್ನು ಮರೆಯಲಾರರು.

ಅರಸೀಕೆರೆಯ ಈಶ್ವರ ದೇವಾಲಯ ೧೨೨೦ರ ಸುಮಾರಿನದು. ಅದರ ಮುಂದೆ ವೃತ್ತಾಕಾರವಾದ ತೆರೆದ ಮಂಟಪವಿದೆ. ಅದರ ಅಂಚಿನಲ್ಲಿ ಒರಗಿ ಕೂರಲು ಕಲ್ಲಿನ ಕಕ್ಷಾಸನವಿದೆ. ದೇವರ ದರ್ಶನಕ್ಕೆ ಬಂದವನು ದರ್ಶನ ಮುಗಿಸಿ ಒಡನೆಯೇ ಹೊರಟುಹೋಗಬೇಕೆಂದು ಶಿಲ್ಪಿ ಬಯಸಿದ್ದರೆ ಆ ಆಸನವನ್ನು ಕಡೆಯುವ ಶ್ರಮವೇಕೆ? ಕುಳಿತುಕೊಳ್ಳಲಿ, ನಾಲ್ಕು ಮಾತನಾಡಲಿ, ಪುರಾಣ ಕೇಳಲಿ, ಗಾಳಿ ಸೇವಿಸಲಿ ಎಂಬುದೇ ಅದರ ಅರ್ಥ. ಜನರ ಬಿಡುವಿನ ವೇಳೆಗೂ ಒಂದು ಸ್ಥಳ ಬೇಕೆಂಬ ತಿಳಿವಳಿಕೆ ಹೊರನಾಡಿನಿಂದ ಬಂದುದಲ್ಲ. ಕೆರೆ ಕಟ್ಟಿಸು, ಮರ ನೆಡಿಸು, ಅರವಟ್ಟಿಗೆ ಇಡಿಸು ಎಂಬುದು ಪುಣ್ಯಕಾರ್ಯಗಳ ಪಟ್ಟಿಯಲ್ಲಿತ್ತು. ಹಳೆಯ ಮೈಸೂರಿನ ಹಳ್ಳಿಗಳ ಅಂಚಿನಲ್ಲಿ ಇಂದಿಗೂ ಕಾಣುವ ಗುಂಡುತೋಪುಗಳು ಅದೇ ಭಾವನೆಯ ಮುಂದುವರಿಕೆ. ದನಕ್ಕೆ ನೆರಳು, ದಾರಿಹೋಕನಿಗೆ ವಿಶ್ರಾಂತಿ, ಹುಡುಗರಿಗೆ ಮರಕೋತಿಯಾಟ, ಹಬ್ಬಕ್ಕೆ ಊಟದ ಪಂಕ್ತಿ ಎಲ್ಲಕ್ಕೂ ಒಂದೇ ತೋಪು ಸಾಕಾಗುತ್ತಿತ್ತು.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯುವಂತಿಲ್ಲ. ಅರಸಿ ಕಟ್ಟಿಸಿದ ಕೆರೆ ಅರಸಿಯ ಪುಣ್ಯ. ಅದು ಪ್ರಜೆಯ ಹಕ್ಕಾಗಿರಲಿಲ್ಲ. ಅರಸು ಕೊಟ್ಟರೆ ಉಂಟು, ಕೊಡದಿದ್ದರೆ ಕೇಳುವವರಿಲ್ಲ. ಈಗ ಕಟ್ಟಿಸಬೇಕಾದವರು ಅರಸರಲ್ಲ, ಚುನಾಯಿತ ಸದಸ್ಯರು. ವೆಚ್ಚವಾಗುವುದು ಬೊಕ್ಕಸದ ಹೊನ್ನಲ್ಲ, ಮನೆಗಂದಾಯ ತೆತ್ತವರ ಹಣ. ಆದುದರಿಂದ ಕೇಳುವವರು ಇರಬೇಕಾದುದು ನ್ಯಾಯ.

* * *

ಕಾಯಿದೆ ಏನು ಹೇಳುತ್ತದೆ? ಕರ್ನಾಟಕದ ಪಟ್ಟಣಗಳ ಆಡಳಿತ ನಡೆದು ಬಂದಿರುವುದು ೧೯೬೪ರ ಪೌರಸಭೆಗಳ ಕಾಯಿದೆಯ ಆಧಾರದ ಮೇಲೆ. ಅದರಲ್ಲಿ ಪೌರಸಭೆಯ ಕೆಲಸಗಳನ್ನು ಎರಡು ಬಗೆಯಾಗಿ ವಿಂಗಡಿಸಲಾಗಿದೆ. ಬೀದಿದೀಪ, ಚರಂಡಿ, ಕಸ ತೆಗೆಯುವುದು ಮೊದಲಾದುವು ಮಾಡಲೇಬೇಕಾದ ಕರ್ತವ್ಯಗಳು. ಉದ್ಯಾನ, ತೋಟ, ಪುಸ್ತಕಾಲಯ, ವಸ್ತುಸಂಗ್ರಹಾಲಯ ಮೊದಲಾದುವು ಸಭೆಯ ವಿವೇಚನೆಗೆ ಬಿಟ್ಟ ಕೆಲಸಗಳು. ‘ಮಾಡಬೇಕು’ ಎಂಬುದಕ್ಕೂ ‘ಮಾಡಬಹುದು’ ಎಂಬುದಕ್ಕೂ ವ್ಯಾಕರಣದಲ್ಲಿ ಇರುವುದು ಒಂದು ಪ್ರತ್ಯಯದ ಅಂತರ. ಆಡಳಿತದಲ್ಲಿ ಅದು ಒಂದು ತಲೆಮಾರಿನ ಅಂತರವಾಗಬಲ್ಲುದು. ಮಾಡಬಹುದಾದ ಕೆಲಸವನ್ನು ಮುಂದಿನ ವರ್ಷಕ್ಕೆ ತಳ್ಳುವುದು ಯಾವ ಸಭೆಗೂ ಕಷ್ಟವಲ್ಲ. ಮುಂದಿನ ವರ್ಷ ಅದನ್ನು ಮತ್ತೊಂದು ವರ್ಷಕ್ಕೆ ತಳ್ಳುವುದೂ ಕಷ್ಟವಲ್ಲ.

೧೯೯೨ರಲ್ಲಿ ಸಂವಿಧಾನಕ್ಕೆ ೭೪ನೆಯ ತಿದ್ದುಪಡಿಯಾಗಿ, ೧೯೯೩ರ ಜೂನ್ ೧ರಿಂದ ಜಾರಿಗೆ ಬಂದಿತು. ಅದರ ಮೂಲಕ ಸೇರಿಸಿದ ಹನ್ನೆರಡನೆಯ ಅನುಸೂಚಿಯಲ್ಲಿ ಪೌರಸಂಸ್ಥೆಗಳಿಗೆ ವಹಿಸಬಹುದಾದ ೧೮ ವಿಷಯಗಳಿವೆ. ಅವುಗಳಲ್ಲಿ ಹನ್ನೆರಡನೆಯದು ಉದ್ಯಾನ, ತೋಟ, ಆಟದ ಬಯಲುಗಳಂಥ ನಾಗರಿಕ ಸೌಕರ್ಯ. ಹದಿಮೂರನೆಯದು ಸಾಂಸ್ಕೃತಿಕ, ಶೈಕ್ಷಣಿಕ ಹಾಗೂ ಸೌಂದರ್ಯ ಸಂಬಂಧವಾದ ವಿಷಯಗಳ ಪ್ರೋತ್ಸಾಹ. ಊರಿನ ಆಟಪಾಠಗಳ ಸಂಗತಿ ದೇಶದ ಸಂವಿಧಾನದೊಳಗೆ ಪ್ರವೇಶ ಪಡೆದುದು ಸಣ್ಣ ಸಂಗತಿಯಲ್ಲ. ಅದಕ್ಕೂ ಮುಂಚೆ, ೧೯೮೫ರಲ್ಲಿಯೇ, ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳ ರಕ್ಷಣೆಗಾಗಿ ಕರ್ನಾಟಕ ತನ್ನದೇ ಕಾಯಿದೆ ಮಾಡಿಕೊಂಡಿತ್ತು. ಸ್ಥಳೀಯ ಸಂಸ್ಥೆ ತನ್ನ ಎಲ್ಲೆಯೊಳಗಿನ ಅಂಥ ನೆಲಗಳ ಪಟ್ಟಿಯನ್ನು ತಯಾರಿಸಬೇಕು, ಆ ನೆಲವನ್ನು ಬೇರೆ ಕೆಲಸಕ್ಕೆ ತಿರುಗಿಸಬಾರದು ಎಂಬುದು ಅದರ ತಿರುಳು. ಈ ಪಟ್ಟಿಯ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳುವುದು ಒಳಿತು. ಕೊನೆಗೆ ಅದರ ಬಳಿಗೆ ಮರಳಬೇಕಾಗಿದೆ.

* * *

ಈಗ ಮೂರು ಊರುಗಳು.

ಅರಸೀಕೆರೆಯದು ನಗರಸಭೆ. ೨೦೧೧ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ೫೩,೨೧೬. ಸಭೆಗೆ ೩೧ ವಾರ್ಡುಗಳು; ಆಡಳಿತದ ತಲೆಯಾಳು ಪೌರಾಯುಕ್ತರು. ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ಹಾಸನ, ಮೈಸೂರುಗಳ ಕಡೆಗೆ ರೈಲು ಕವಲೊಡೆಯುವ ಊರು ಇದು. ತೆಂಗಿನ ವ್ಯಾಪಾರಕ್ಕೂ ಹೆಸರಾದುದು. ರೈಲು ಬಂದರೆ ಊರು ಬೆಳೆಯುತ್ತದೆ. ಸಂತೆ, ಗೋದಾಮು, ವಸತಿ ಬಡಾವಣೆಗಳು ಹಬ್ಬುತ್ತವೆ. ಹೊಸ ಬಡಾವಣೆಯ ನಕ್ಷೆಯಲ್ಲಿ ಒಂದು ಪಾಲನ್ನು ಉದ್ಯಾನಕ್ಕೆಂದು ಬಿಡಲೇಬೇಕು. ಆ ನೆಲ ಪೌರಸಂಸ್ಥೆಯ ವಶಕ್ಕೆ ಬರುತ್ತದೆ. ಆದರೆ ನಕ್ಷೆಯಲ್ಲಿ ಹಸಿರು ಬಣ್ಣ ಬಳಿದ ಮಾತ್ರಕ್ಕೆ ನೆಲ ಹಸಿರಾಗುವುದಿಲ್ಲ. ಮಳೆ ಕಡಮೆಯಾದ ಬಯಲುಸೀಮೆಯ ಈ ಭಾಗದಲ್ಲಿ ಗಿಡಕ್ಕೆ ನೀರು ಎಲ್ಲಿಂದ? ಬೇಸಗೆಯಲ್ಲಿ ಮನೆಯ ಕೊಡಕ್ಕೇ ಸಾಲದ ನೀರನ್ನು ಹುಲ್ಲುಹಾಸಿಗೆ ಹರಿಸಿದರೆ ಜನ ಮೆಚ್ಚುವರೆ?

ಹಣದ ಮಾತೂ ಸುಲಭವಲ್ಲ. ಕೇಂದ್ರ ಸರ್ಕಾರ ೨೦೧೫ರಲ್ಲಿ ಆರಂಭಿಸಿದ ಅಮೃತ್ ಯೋಜನೆಯಲ್ಲಿ ಉದ್ಯಾನಗಳಿಗೆಂದು, ವಿಶೇಷವಾಗಿ ಮಕ್ಕಳಿಗೆ ಅನುಕೂಲವಾದ ಹಸಿರು ತಾಣಗಳಿಗೆಂದು, ಒಂದಿಷ್ಟು ಹಣ ತೆಗೆದಿಡಲಾಯಿತು. ಆದರೆ ಆ ಯೋಜನೆ ಮುಖ್ಯವಾಗಿ ಒಂದು ಲಕ್ಷಕ್ಕೆ ಮೀರಿದ ಜನಸಂಖ್ಯೆಯ ನಗರಗಳಿಗೆ ಮೀಸಲಾಗಿತ್ತು. ಹಾಸನ ಆ ಪಟ್ಟಿಯಲ್ಲಿ ಸೇರಿತು, ಅರಸೀಕೆರೆ ಹೊರಗುಳಿಯಿತು. ೨೦೨೧ರಲ್ಲಿ ಎರಡನೆಯ ಹಂತ ಎಲ್ಲ ಪಟ್ಟಣಗಳಿಗೂ ಬಾಗಿಲು ತೆರೆಯಿತಾದರೂ ಅದರ ಮುಖ್ಯ ಗುರಿ ಮನೆಮನೆಗೆ ನಲ್ಲಿನೀರು. ಹದಿನೈದನೆಯ ಹಣಕಾಸು ಆಯೋಗ ೨೦೨೧ರಿಂದ ೨೦೨೬ರವರೆಗಿನ ಅವಧಿಗೆ ಇಂಥ ಪಟ್ಟಣಗಳಿಗೆ ಸಲ್ಲಿಸಿದ ಅನುದಾನದಲ್ಲಿಯೂ ನೂರಕ್ಕೆ ೬೦ ಭಾಗ ಕುಡಿಯುವ ನೀರು ಹಾಗೂ ನೈರ್ಮಲ್ಯಕ್ಕೆ ಕಟ್ಟುಬಿದ್ದುದು. ಸ್ವತಂತ್ರವಾಗಿ ಉಳಿದ ೪೦ ಭಾಗದ ಮೇಲೆ ರಸ್ತೆ, ದೀಪ, ಕಟ್ಟಡ ಎಲ್ಲದರ ಕಣ್ಣೂ ಇರುತ್ತದೆ. ಉದ್ಯಾನವೆಂಬುದು ಪಂಕ್ತಿಯ ಕೊನೆಯಲ್ಲಿ ಕುಳಿತ ಅತಿಥಿ. ಬಡಿಸುತ್ತ ಬರುವವರ ಪಾತ್ರೆ ಅಲ್ಲಿಗೆ ತಲಪುವಷ್ಟರಲ್ಲಿ ಬರಿದಾಗಿರುತ್ತದೆ.

ಬೇಲೂರಿನದು ಪುರಸಭೆ. ಜನಸಂಖ್ಯೆ ೨೦೧೧ರಲ್ಲಿ ೨೨,೪೮೪, ವಾರ್ಡುಗಳು ೨೩, ಆಡಳಿತ ಮುಖ್ಯಾಧಿಕಾರಿಯದು. ಈ ಪುಟ್ಟ ಊರಿನ ನಡುವೆ ೧೧೧೭ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಚೆನ್ನಕೇಶವನ ಗುಡಿಯಿದೆ. ಇಲ್ಲಿ ಪೂಜೆ ಇಂದಿಗೂ ನಡೆಯುತ್ತದೆ. ಶಿಲ್ಪದ ರಕ್ಷಣೆ ಪುರಾತತ್ತ್ವ ಇಲಾಖೆಯದು. ಚೈತ್ರದ ರಥೋತ್ಸವಕ್ಕೆ ಸುತ್ತಣ ಹಳ್ಳಿಗಳ ಜನ ಕಿಕ್ಕಿರಿದು ಸೇರುತ್ತಾರೆ. ೨೦೨೩ರ ಸೆಪ್ಟೆಂಬರ್ ೧೮ರಂದು ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇಗುಲಗಳು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಯಲ್ಲಿ ಸ್ಥಾನ ಪಡೆದುವು. ಕೀರ್ತಿ ಬಂದಾಗ ಅದರ ಜೊತೆಗೆ ಕಟ್ಟಳೆಯೂ ಬರುತ್ತದೆ. ಸಂರಕ್ಷಿತ ಸ್ಮಾರಕದಿಂದ ೧೦೦ ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. ಅಲ್ಲಿಂದಾಚೆಗೆ ಇನ್ನೂ ೨೦೦ ಮೀಟರುಗಳವರೆಗೆ ಅನುಮತಿಯಿಲ್ಲದೆ ಕಟ್ಟುವಂತಿಲ್ಲ.

ಈ ಕಟ್ಟಳೆಯನ್ನು ಊರಿನ ಬೆಳವಣಿಗೆಗೆ ಅಡ್ಡಿಯೆಂದು ದೂರುವವರುಂಟು. ಮನೆ ದುರಸ್ತಿಗೂ ಅನುಮತಿಗಾಗಿ ಅಲೆಯಬೇಕಾದವರ ಸಂಕಟವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದರ ಇನ್ನೊಂದು ಮುಖವನ್ನೂ ನೋಡಬೇಕು. ಕಟ್ಟಡವೇಳಲಾಗದ ನೆಲದಲ್ಲಿ ಮರ ಬೆಳೆಯಲು ಯಾರ ಆಕ್ಷೇಪ? ಅಂಗಡಿಯ ಸಾಲಿಗೆ ಸಲ್ಲದ ಜಾಗ ನಾಲ್ಕು ಬೇವಿನ ಮರಗಳಿಗೂ ಅವುಗಳ ಕೆಳಗಿನ ನೆರಳಿಗೂ ಸಲ್ಲಬಹುದು. ಯಾತ್ರಿಕನೂ ಅಲ್ಲಿ ದಣಿವಾರಿಸಿಕೊಳ್ಳಲಿ, ಊರಿನ ಮುದುಕರೂ ಸಂಜೆ ಕೂರಲಿ. ಪ್ರವಾಸಿಗೆಂದು ಮಾಡಿದುದು ಊರಿನವರಿಗೂ ಒದಗಬೇಕು. ವಾಹನ ನಿಲ್ಲಿಸುವ ಜಾಗಕ್ಕೆ ಎಷ್ಟು ನೆಲ ಬಿಟ್ಟೆವೆಂದು ಲೆಕ್ಕ ಹಾಕುವಾಗ, ಊರಿನ ಮಕ್ಕಳು ನಿಲ್ಲುವ ಜಾಗವೆಷ್ಟೆಂದೂ ಕೇಳುವ ಸದಸ್ಯನೊಬ್ಬ ಸಭೆಯಲ್ಲಿ ಇದ್ದರೆ ಸಾಕು.

ಹಳೇಬೀಡು ಬೇಲೂರಿಗೆ ಸುಮಾರು ೧೬ ಕಿಲೋಮೀಟರು ದೂರ. ಒಮ್ಮೆ ಸಾಮ್ರಾಜ್ಯದ ರಾಜಧಾನಿಯಾಗಿದ್ದು, ೧೩೧೧ರಲ್ಲಿ ದೆಹಲಿಯ ಸೈನ್ಯದ ದಾಳಿಗೆ ತುತ್ತಾಗಿ, ಮುಂದೆ ‘ಹಳೆಯ ಬೀಡು’ ಎಂಬ ಹೆಸರನ್ನಷ್ಟೆ ಉಳಿಸಿಕೊಂಡು, ಬಹುಕಾಲದಿಂದ ಗ್ರಾಮ ಪಂಚಾಯತಿಯ ಆಡಳಿತದಲ್ಲಿ ಬೆಳೆದು ಬಂದ ಊರು. ಹೊಯ್ಸಳೇಶ್ವರ ದೇವಾಲಯದ ಸುತ್ತ ಪುರಾತತ್ತ್ವ ಇಲಾಖೆ ಬೆಳೆಸಿದ ಹುಲ್ಲುಹಾಸು ಕಣ್ಣಿಗೆ ತಂಪು. ಆವರಣದಲ್ಲಿಯೇ ಶಿಲ್ಪಗಳ ಸಂಗ್ರಹಾಲಯವೂ ಇದೆ. ಸ್ಮಾರಕಗಳ ಸುತ್ತಣ ತೋಟಗಳನ್ನು ನೋಡಿಕೊಳ್ಳಲು ಆ ಇಲಾಖೆಗೆ ಪ್ರತ್ಯೇಕ ತೋಟಗಾರಿಕಾ ಶಾಖೆಯುಂಟು. ಅದರ ಕೇಂದ್ರ ಕಚೇರಿ ಆಗ್ರಾದಲ್ಲಿ. ಹಾಗಾಗಿ ಈ ಊರಿನ ಅತ್ಯಂತ ಸುಂದರವಾದ ಹಸಿರು ನೆಲದ ಮೇಲೆ ಊರಿನ ಪಂಚಾಯತಿಗೆ ಅಧಿಕಾರವಿಲ್ಲ. ಅದು ಹಾಗಿರುವುದೇ ಸರಿ. ಶಿಲಾಬಾಲಿಕೆಯರ ಪಕ್ಕದಲ್ಲಿ ಕ್ರಿಕೆಟ್ಟಿನ ಚೆಂಡು ಹಾರಬಾರದು. ಆದರೆ ಬೇಲಿಯ ಹೊರಗೆ ನಿಂತ ಹುಡುಗನಿಗೆ ಇನ್ನೊಂದು ಬಯಲನ್ನು ತೋರಿಸುವ ಹೊಣೆ ಯಾರದು? ಅದು ಪಂಚಾಯತಿಯದು.

ಪಂಚಾಯತಿಗೆ ಕೆಲವು ಅನುಕೂಲಗಳೂ ಇವೆಯೆಂಬುದನ್ನು ಮರೆಯಬಾರದು. ೨೦೦೫ರ ಉದ್ಯೋಗಖಾತರಿ ಕಾಯಿದೆಯ ಕಾಲದಲ್ಲಿ ಹಳ್ಳಿಗಳಲ್ಲಿ ಆಟದ ಬಯಲನ್ನು ಸಿದ್ಧಪಡಿಸುವುದಕ್ಕೂ ಅವಕಾಶವಿದ್ದಿತು; ಪಟ್ಟಣಗಳಿಗೆ ಆ ಭಾಗ್ಯವಿರಲಿಲ್ಲ. ಗ್ರಾಮ ಪಂಚಾಯತಿಗಳು ಮಕ್ಕಳ ಗ್ರಾಮಸಭೆಯನ್ನು ಕರೆಯುವ ಪದ್ಧತಿಯೂ ಕರ್ನಾಟಕದಲ್ಲಿ ರೂಢಿಗೆ ಬಂದಿದೆ. ಅಲ್ಲಿ ಮಕ್ಕಳೇ ಎದ್ದುನಿಂತು ತಮ್ಮ ಬೇಡಿಕೆ ಹೇಳಬಹುದು. ಶಾಲೆಯ ಹುಡುಗಿಯೊಬ್ಬಳು ಅಧ್ಯಕ್ಷರ ಎದುರಿಗೆ ನಿಂತು ‘ನಾವು ಆಡುವ ಜಾಗದಲ್ಲಿ ಕಸ ಸುರಿಯುತ್ತಾರೆ’ ಎಂದರೆ ಆ ಮಾತಿಗೆ ಹತ್ತು ಅರ್ಜಿಗಳ ತೂಕವಿರುತ್ತದೆ. ಈ ಒಳ್ಳೆಯ ಪದ್ಧತಿಯನ್ನು ಅರಸೀಕೆರೆ, ಬೇಲೂರುಗಳಂಥ ಪಟ್ಟಣಗಳೂ ಹಳ್ಳಿಯಿಂದ ಎರವಲು ಪಡೆದರೆ ನಾಚಿಕೆಯೇನಿಲ್ಲ.

* * *

ಉದ್ಯಾನ ಹೇಗೆ ಹುಟ್ಟುತ್ತದೆ, ಹೇಗೆ ಸಾಯುತ್ತದೆ ಎಂಬುದನ್ನೂ ತಿಳಿಯಬೇಕು. ಹುಟ್ಟುವ ದಿನ ಸಂಭ್ರಮವಿರುತ್ತದೆ. ಬಾಗಿಲಿಗೆ ಕಮಾನು, ಗೋಡೆಗೆ ಶಿಲಾಫಲಕ, ಒಳಗೆ ಜೋಕಾಲಿ, ಜಾರುಬಂಡೆ, ನಡುವೆ ಕಾರಂಜಿ. ಇದಕ್ಕೆಲ್ಲ ಒಮ್ಮೆ ಹಣ ಒದಗಿಸಿದರೆ ಮುಗಿಯಿತು. ಸಾಯುವುದು ಮಾತ್ರ ಸದ್ದಿಲ್ಲದೆ. ಮೊದಲು ಕಾರಂಜಿಯ ಪಂಪು ಕೆಡುತ್ತದೆ. ಅನಂತರ ಜೋಕಾಲಿಯ ಒಂದು ಕೊಂಡಿ ಕಳಚುತ್ತದೆ. ಒಬ್ಬ ತೋಟಗಾರ ನಾಲ್ಕು ಕಡೆ ದುಡಿಯಬೇಕಾಗಿ ಬಂದು, ವಾರಕ್ಕೊಮ್ಮೆ ಬರುವವನು ತಿಂಗಳಿಗೊಮ್ಮೆ ಬರುತ್ತಾನೆ. ದೀಪ ಆರುತ್ತದೆ, ದೀಪ ಆರಿದಲ್ಲಿಗೆ ಹೆಂಗಸರು, ಮಕ್ಕಳು ಹೋಗುವುದನ್ನು ನಿಲ್ಲಿಸುತ್ತಾರೆ, ಅವರು ನಿಲ್ಲಿಸಿದಲ್ಲಿಗೆ ಕುಡುಕರು ಹೋಗತೊಡಗುತ್ತಾರೆ. ಕೊನೆಗೆ ಒಂದು ದಿನ ಬಾಗಿಲಿಗೆ ಬೀಗ ಬೀಳುತ್ತದೆ. ಶಿಲಾಫಲಕ ಒಂದು ಮಾತ್ರ ಅಕ್ಷಯವಾಗಿರುತ್ತದೆ!

ದೋಷ ಯಾರೊಬ್ಬರದೂ ಅಲ್ಲ, ದೋಷ ಲೆಕ್ಕದ್ದು. ನಿರ್ಮಾಣಕ್ಕೆ ಹಣ ಕೊಡುವ ಯೋಜನೆಗಳು ಹಲವು. ಮಾಲಿಯ ಸಂಬಳಕ್ಕೆ, ನೀರಿಗೆ, ದೀಪದ ಬಿಲ್ಲಿಗೆ ವರ್ಷವರ್ಷವೂ ಹಣ ಕೊಡುವುದು ಊರಿನ ಸ್ವಂತ ಆದಾಯವೊಂದೇ. ಆದುದರಿಂದ ಹೊಸ ಉದ್ಯಾನದ ಪ್ರಸ್ತಾಪ ಬಂದಾಗ ಬುದ್ಧಿವಂತನಾದ ಸದಸ್ಯನು ಕೇಳಬೇಕಾದ ಮೊದಲ ಪ್ರಶ್ನೆ ‘ಕಟ್ಟಲು ಎಷ್ಟು?’ ಎಂಬುದಲ್ಲ, ‘ಹತ್ತು ವರ್ಷ ನೀರೆರೆಯುವವರು ಯಾರು?’ ಎಂಬುದು. ಬಯಲುಸೀಮೆಯ ಊರಿಗೆ ವಿಲಾಯಿತಿ ಹುಲ್ಲುಹಾಸೇ ಬೇಕೆಂದು ಯಾರು ಹೇಳಿದರು? ಬೇವು, ಹೊಂಗೆ, ಆಲ, ಅತ್ತಿಗಳು ಮೊದಲೆರಡು ಮೂರು ಬೇಸಗೆ ಸಾಕಿದರೆ ಆಮೇಲೆ ಊರನ್ನು ತಾವೇ ಸಾಕುತ್ತವೆ. ಕೆಳಗೆ ಗಟ್ಟಿಮಣ್ಣಿನ ನೆಲ, ಸುತ್ತ ಕಲ್ಲಿನ ಕಟ್ಟೆ, ಒಂದು ದೀಪ, ಒಂದು ನಲ್ಲಿ. ಗುಂಡುತೋಪಿನ ಈ ಹಳೆಯ ಮಾದರಿ ಸಣ್ಣ ಪುರಸಭೆಯ ಕೈಗೆಟುಕದ ವಿಷಯವಲ್ಲ.

ಇದಕ್ಕೆ ಹೊರದೇಶದ ಒಂದು ನಿದರ್ಶನವೂ ಉಂಟು. ಅಮೆರಿಕದ ಬೋಸ್ಟನ್ ನಗರದ ಬಡ ಕೇರಿಯೊಂದರಲ್ಲಿ ೧೮೮೫ರಲ್ಲಿ, ಬರ್ಲಿನ್ನಿನಲ್ಲಿ ಕಂಡ ಪದ್ಧತಿಯನ್ನು ಅನುಸರಿಸಿ, ಮಕ್ಕಳಿಗೆ ಆಡಲೆಂದು ಮರಳಿನ ರಾಶಿ ಹಾಕಿಸಿದರು. ನೋಡಿಕೊಳ್ಳಲು ಕೆಲವರು ಹೆಂಗಸರು ಮುಂದೆ ಬಂದರು. ಆ ದೇಶದ ಮಕ್ಕಳ ಆಟದ ಬಯಲುಗಳ ಚಳವಳಿಗೆ ಆ ಮರಳಿನ ರಾಶಿಯೇ ಮೊದಲೆಂದು ಹೇಳುತ್ತಾರೆ. ಮುಂದೆ ಅಲ್ಲಿಯ ನಗರಗಳು ಉದ್ಯಾನಗಳನ್ನೂ ವಿನೋದ ಕಾರ್ಯಕ್ರಮಗಳನ್ನೂ ನಡೆಸಲು ಪ್ರತ್ಯೇಕ ಮಂಡಲಿಗಳನ್ನೇ ಏರ್ಪಡಿಸಿಕೊಂಡುವು. ಮೊದಲು ಬೇಕಾದುದು ಕಾರಂಜಿಯಲ್ಲ. ಮರಳು, ಮತ್ತು ಮಕ್ಕಳ ಮೇಲೆ ಕಣ್ಣಿಟ್ಟು ಕೂರಲು ಒಪ್ಪಿದ ಒಬ್ಬ ಹಿರಿಯರು.

ಬಯಲಿದ್ದರೆ ಸಾಲದು, ಅಲ್ಲಿ ನಡೆಯಬೇಕಾದುದೂ ಬೇಕು. ೧೯೩೫ರಲ್ಲಿ ಮೈಸೂರಿನ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ತೊಡಗಿದರು. ‘ಆಕಾಶವಾಣಿ’ ಎಂಬ ಹೆಸರು ನಾಡಿಗೆ ದೊರೆತುದು ಅಲ್ಲಿಂದಲೇ. ಅನಂತರದ ದಿನಗಳಲ್ಲಿ ಹಳೆಯ ಮೈಸೂರಿನ ಪಟ್ಟಣಗಳ ಉದ್ಯಾನಗಳಲ್ಲಿ ರೇಡಿಯೊ ಇರಿಸಿ, ಸಂಜೆ ವಾರ್ತೆಯನ್ನೂ ಸಂಗೀತವನ್ನೂ ಕೇಳಿಸುವ ರೂಢಿ ಬಂದಿತು. ಮನೆಯಲ್ಲಿ ರೇಡಿಯೊ ಇಲ್ಲದವನೂ ಅಲ್ಲಿ ಉಳಿದವರ ಪಕ್ಕದಲ್ಲಿ ಕುಳಿತು ಕೇಳಬಹುದಾಗಿತ್ತು. ಈಗ ಪ್ರತಿಯೊಬ್ಬನ ಅಂಗೈಯಲ್ಲಿಯೂ ಸಂಗೀತವಿದೆ. ಪಕ್ಕದಲ್ಲಿ ಕೂರುವವನು ಮಾತ್ರ ಇಲ್ಲ. ವಾರಕ್ಕೊಂದು ಕಥಾವಾಚನ, ತಿಂಗಳಿಗೊಂದು ಸುಗಮ ಸಂಗೀತ, ಬೇಸಗೆಯ ರಜೆಯಲ್ಲಿ ಮಕ್ಕಳ ಶಿಬಿರ, ಹುಡುಗಿಯರಿಗೂ ಸಮನಾದ ವೇಳೆಯಿರುವ ಆಟದ ಬಯಲು, ಇವುಗಳಿಗೆ ದೊಡ್ಡ ಹಣ ಬೇಕಿಲ್ಲ. ೧೯೬೫ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಂತೆ ಮನೆಗಂದಾಯದ ಜೊತೆಗೆ ನೂರಕ್ಕೆ ೬ರಂತೆ ಗ್ರಂಥಾಲಯ ಕರವನ್ನು ಪಟ್ಟಣದ ಪ್ರತಿ ಗೃಹಸ್ಥನೂ ತೆರುತ್ತಿದ್ದಾನೆ. ತೆತ್ತ ಕರಕ್ಕೆ ಪ್ರತಿಯಾಗಿ ಮಗನನ್ನೋ ಮಗಳನ್ನೋ ಕೈಹಿಡಿದು ಗ್ರಂಥಾಲಯಕ್ಕೆ ಕರೆದೊಯ್ಯುವ ಗೃಹಸ್ಥರು ಎಷ್ಟು ಮಂದಿ?

* * *

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಕುಡಿಯಲು ನೀರಿಲ್ಲ, ಚರಂಡಿ ಕಟ್ಟಿಕೊಂಡಿದೆ, ಇಂಥ ಊರಿಗೆ ಉದ್ಯಾನವೊಂದು ಕೇಡೇ ಎಂದು ಕೇಳುವವರಿದ್ದಾರೆ. ಮಾತು ನ್ಯಾಯವಾದುದೇ. ನೀರು ಮೊದಲು, ಚರಂಡಿ ಮೊದಲು, ಅದರಲ್ಲಿ ಸಂದೇಹವಿಲ್ಲ. ಆದರೆ ಚರಂಡಿಗೂ ಬಯಲಿಗೂ ಒಂದು ಭೇದವಿದೆ. ಇಂದು ಕಟ್ಟದ ಚರಂಡಿಯನ್ನು ಹತ್ತು ವರ್ಷದ ಮೇಲಾದರೂ ಕಟ್ಟಬಹುದು. ಇಂದು ಕಳೆದುಕೊಂಡ ಬಯಲನ್ನು ಎಂದಿಗೂ ಕಟ್ಟಲಾಗದು. ಅದರ ಮೇಲೆ ಒಮ್ಮೆ ಕಟ್ಟಡವೆದ್ದರೆ ಮುಗಿಯಿತು. ಹಣವಿಲ್ಲದ ಸಭೆ ಉದ್ಯಾನವನ್ನು ಮಾಡದಿದ್ದರೂ ಕ್ಷಮಿಸಬಹುದು. ನೆಲವನ್ನು ಉಳಿಸದಿದ್ದರೆ ಮಾತ್ರ ಕ್ಷಮೆಯಿಲ್ಲ. ಉಳಿಸುವುದಕ್ಕೆ ಬೇಕಾದುದು ನಾಲ್ಕು ಗಡಿಕಲ್ಲು, ಒಂದು ದಾಖಲೆ, ಒಂದಿಷ್ಟು ಧೈರ್ಯ.

ಈ ಧೈರ್ಯದ ಕಥೆ ಬೆಂಗಳೂರಿನ ಇತಿಹಾಸದಲ್ಲಿದೆ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ನೆಲವನ್ನು ಖಾಸಗಿ ಆಸ್ಪತ್ರೆಯೊಂದರ ನಿರ್ಮಾಣಕ್ಕೆ ಕೊಡಲಾಯಿತು. ಆಸ್ಪತ್ರೆಯೂ ಲೋಕೋಪಕಾರವೇ ಅಲ್ಲವೆ ಎಂಬುದು ಕೊಟ್ಟವರ ವಾದ. ಬಡಾವಣೆಯ ನಿವಾಸಿಗಳು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು, ಗೆದ್ದರು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ೧೯೯೧ರಲ್ಲಿ ಅಲ್ಲಿಯೂ ತೀರ್ಪು ನಿವಾಸಿಗಳ ಪರವಾಗಿಯೇ ಬಂದಿತು. ಉದ್ಯಾನಕ್ಕೆಂದು ಮೀಸಲಾದ ತೆರೆದ ನೆಲ ಜನರ ಆರೋಗ್ಯಕ್ಕೂ ಪರಿಸರಕ್ಕೂ ಅಗತ್ಯವಾದುದು, ಅದನ್ನು ಖಾಸಗಿಯವರಿಗೆ ವಹಿಸುವ ಅಧಿಕಾರ ಪ್ರಾಧಿಕಾರಕ್ಕಾಗಲಿ ಸರ್ಕಾರಕ್ಕಾಗಲಿ ಇಲ್ಲವೆಂಬುದು ಆ ತೀರ್ಪಿನ ಸಾರ. ಅದು ಒಂದು ಬಡಾವಣೆಯ ಗೆಲವು ಮಾತ್ರವಲ್ಲ. ದೇಶದ ಎಲ್ಲ ಊರುಗಳ ಪಾಲಿಗೂ ಆಧಾರವಾದ ಮಾತು. ಅರಸೀಕೆರೆಯ ಬಡಾವಣೆಯ ಒಂದು ಮೂಲೆಯ ಅರ್ಧ ಎಕರೆಗೂ ಅದು ಅನ್ವಯಿಸುತ್ತದೆ.

ಹಾಗಾದರೆ ಗೃಹಸ್ಥನು ಮಾಡಬೇಕಾದುದೇನು? ಮೊದಲು, ಆಗ ಹೇಳಿದ ಪಟ್ಟಿ. ತಮ್ಮ ಊರಿನ ಉದ್ಯಾನ, ಬಯಲು, ತೆರೆದ ಜಾಗಗಳ ಪಟ್ಟಿಯನ್ನು ಕಚೇರಿಗೆ ಹೋಗಿ ಕೇಳಬಹುದು. ೨೦೦೫ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಹತ್ತು ರೂಪಾಯಿಯ ಶುಲ್ಕದೊಡನೆ ಅರ್ಜಿ ಕೊಟ್ಟರೆ ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಎರಡನೆಯದು, ಆಯವ್ಯಯ. ಏಪ್ರಿಲ್‌ನಲ್ಲಿ ಹೊಸ ವರ್ಷದ ಲೆಕ್ಕ ತೊಡಗುವ ಮುನ್ನ ಸಾರ್ವಜನಿಕರನ್ನು ಕರೆದು ಸಲಹೆ ಕೇಳುವ ಪದ್ಧತಿ ಕರ್ನಾಟಕದ ಪೌರಸಂಸ್ಥೆಗಳಲ್ಲಿದೆ. ಆ ಸಭೆಗೆ ಬರುವವರು ಸಾಮಾನ್ಯವಾಗಿ ಬೆರಳೆಣಿಕೆಯ ಮಂದಿ. ಅಲ್ಲಿ ಎದ್ದುನಿಂತು ‘ಮಾಲಿಯ ಸಂಬಳಕ್ಕೆ ಎಷ್ಟು ಇಟ್ಟಿದ್ದೀರಿ?’ ಎಂದು ವಿನಯದಿಂದ ಕೇಳುವ ಒಬ್ಬ ನಿವೃತ್ತ ಉಪಾಧ್ಯಾಯರು, ಒಬ್ಬ ತಾಯಿ ಇದ್ದರೆ ಸಭೆಯ ಗತಿಯೇ ಬದಲಾಗುತ್ತದೆ. ಮೂರನೆಯದು, ಎಲ್ಲಕ್ಕಿಂತ ಸುಲಭವಾದುದು: ಇರುವ ಬಯಲಿಗೆ ದಿನವೂ ಹೋಗುವುದು. ಜನ ನಡೆದಾಡುವ ನೆಲವನ್ನು ಕಬಳಿಸಲು ಯಾರಿಗೂ ಧೈರ್ಯ ಬರುವುದಿಲ್ಲ. ಜನ ಮರೆತ ನೆಲಕ್ಕೆ ಮಾತ್ರ ಒಡೆಯರು ತಾವಾಗಿ ಹುಟ್ಟಿಕೊಳ್ಳುತ್ತಾರೆ.

ಅರಸೀಕೆರೆಯ ಮಂಟಪದ ಆ ಕಲ್ಲಿನ ಆಸನ ಎಂಟುನೂರು ವರ್ಷಗಳಿಂದ ಅಲ್ಲಿಯೇ ಇದೆ. ಅದನ್ನು ಕಡೆದವನಿಗೆ, ಯಾರು ಬಂದು ಕೂರುವರೆಂಬುದು ತಿಳಿದಿರಲಿಲ್ಲ. ಬರುವವರಿಗೊಂದು ಜಾಗ ಇರಲೆಂದು ಕಡೆದಿಟ್ಟು ಹೋದನು. ಇಂದಿನ ನಗರಸಭೆ, ಪುರಸಭೆ, ಪಂಚಾಯತಿಗಳಿಂದ ಜನ ಬಯಸುವುದು ಅದಕ್ಕಿಂತ ಹೆಚ್ಚಿನದೇನನ್ನೂ ಅಲ್ಲ. ಹೊತ್ತು ಇಳಿಯುವಾಗ ತಾಯಿ ಹೊಸ್ತಿಲಲ್ಲಿ ನಿಂತು ಮಗು ಎಲ್ಲಿದೆಯೆಂದು ಕೇಳಿದರೆ, ‘ಬಯಲಿನಲ್ಲಿದೆ’ ಎಂದು ನೆರೆಯವರು ನಿಶ್ಚಿಂತೆಯಿಂದ ಹೇಳುವಂತಾಗಬೇಕು.